ಮೂತಿ ಹೊಸದು, ಚಾಸಿ ಹಳೆಯದು

ಜೂನ್ ತಿಂಗಳಿನಿಂದ ನಮ್ಮ ಮನೆಯಲ್ಲಿ ಒಂದು ಕಲೆಯ ಬಗ್ಗೆ ದಿನವೂ ಮಾತು ನಡೆಯುತ್ತಿದೆ. ಯುಕೆಜಿಗೆ ಹೋಗುವ ಮಗಳ ಬಿಳಿ ಕಾಲುಚೀಲದ ಮೇಲೆ, ಬಲ ಮೊಣಕಾಲಿನ ಕೆಳಗೆ, ಅವಳ ಅಂಗೈಯಷ್ಟು ಅಗಲದ ಕೆಮ್ಮಣ್ಣಿನ ಕಲೆ. ಎಷ್ಟು ಉಜ್ಜಿದರೂ ತಿಳಿಗುಲಾಬಿಯಾಗಿ ಉಳಿದುಬಿಡುತ್ತದೆ. ಶಾಲೆಯ ಮೈದಾನದ ಮಣ್ಣಿರಬೇಕು ಎಂದುಕೊಂಡಿದ್ದೆವು. ಮಳೆ ಹಿಡಿದ ಮೇಲೆ ಸಣ್ಣ ಮಕ್ಕಳನ್ನು ಮೈದಾನಕ್ಕೆ ಬಿಟ್ಟೇ ಇಲ್ಲ ಎಂದು ಬಸ್ಸಿನ ಆಯಾ ಹೇಳಿದಾಗ ನನ್ನ ಹೆಂಡತಿಗೆ ಅನುಮಾನ ಬಂತು. ಒಂದು ಶನಿವಾರ ನಾನೇ ಮಗಳನ್ನು ಬಸ್ಸು ಹತ್ತಿಸಲು ಹೋದೆ. ಆಲ್ದೂರು ರಸ್ತೆಯಲ್ಲಿ, ತೋಟದ ಗೇಟಿನ ಎದುರು, ಶಾಲೆಯವರು ಈ ವರ್ಷ ತಂದ ಹೊಸ ಹಳದಿ ಬಸ್ಸು ಬಂದು ನಿಂತಿತು. ಮಗಳು ಎರಡೂ ಅಂಗೈಗಳನ್ನು ಮೊದಲ ಮೆಟ್ಟಿಲ ಮೇಲೆ ಊರಿದಳು, ಬಲ ಮೊಣಕಾಲನ್ನು ಅದರ ಮೇಲೆ ಇಟ್ಟಳು, ಜಗಲಿ ಹತ್ತುವ ಎಳೆಗರುವಿನಂತೆ ಒಮ್ಮೆ ತಡವರಿಸಿ ಮೇಲೆ ಹೋದಳು. ಅವಳಿಗಿಂತ ಮೊದಲು ಹತ್ತಿದ ಮಕ್ಕಳ ಬೂಟಿನ ಕೆಸರೆಲ್ಲ ಆ ಮೆಟ್ಟಿಲ ಮೇಲೆ ಇತ್ತು.

ನನಗೆ ನಾಚಿಕೆಯಾಯಿತು. ಆ ಬಸ್ಸನ್ನು ನಾನು ನೋಡಿದ್ದು ಅದೇ ಮೊದಲೇನಲ್ಲ. ಊರಿಗೆ ಬಂದ ದಿನವೇ ನೋಡಿದ್ದೆ. ಮುಂದಿನಿಂದ, ಹಿಂದಿನಿಂದ, ಓರೆಯಿಂದ, ಕೂತು, ನಿಂತು ನಲವತ್ತಕ್ಕೂ ಹೆಚ್ಚು ಫೋಟೋ ತೆಗೆದಿದ್ದೆ. ಮನೆಗೆ ಬಂದು ಅಷ್ಟನ್ನೂ ಹುಡುಕಿ ನೋಡಿದರೆ ಒಂದರಲ್ಲೂ ಆ ಮೆಟ್ಟಿಲು ಸರಿಯಾಗಿ ಕಾಣುವುದಿಲ್ಲ.

ನನಗೆ ಬಸ್ಸಿನ ಹುಚ್ಚು. ಕೆಲಸ ಕಾಫಿ ತೋಟದಲ್ಲಿ ರೈಟರ್. ರೈಟರ್ ಎಂದರೆ ಆಳುಗಳ ಹಾಜರಿ, ಗೊಬ್ಬರ, ಚೀಲಗಳ ಲೆಕ್ಕ ಬರೆಯುವವನು. ಮಲೆನಾಡಿನ ಆಚೆಯವರು ಸಾಹಿತಿ ಎಂದು ತಪ್ಪು ತಿಳಿಯದಿರಲಿ. ಚಿಕ್ಕಮಗಳೂರಿಗೆ ಹೋದಾಗಲೆಲ್ಲ ಬಸ್ ನಿಲ್ದಾಣದ ಮೂಲೆಯೊಂದರಲ್ಲಿ ಅರ್ಧ ಗಂಟೆ ನಿಲ್ಲದೆ ಬರುವವನಲ್ಲ. ನನ್ನಂಥವರು ಊರಿನಲ್ಲಿ ಇನ್ನೂ ನಾಲ್ಕೈದು ಜನ ಇದ್ದಾರೆ. ಕೆಎ-18 ಎಫ್ ಎಂದು ನಂಬರ್ ಶುರುವಾದ ಸರ್ಕಾರಿ ಬಸ್ಸು ತಿರುವಿನಲ್ಲಿ ಕಂಡರೆ ಸಾಕು, ಬಾಡಿ ಹಾಸನದ ಪ್ರಾದೇಶಿಕ ಕಾರ್ಯಾಗಾರದಲ್ಲಿ ಕಟ್ಟಿದ್ದೋ ಕೆಂಗೇರಿಯಲ್ಲಿ ಕಟ್ಟಿದ್ದೋ ಎಂದು ವಾದಕ್ಕೆ ಇಳಿಯುವ ಜಾತಿ. 1991ರಲ್ಲಿ ಕೊಪ್ಪದಲ್ಲಿ ಕಾರ್ಮಿಕರೇ ಸೇರಿ ಕಟ್ಟಿಕೊಂಡ ಸಹಕಾರ ಸಾರಿಗೆ 2020ರಲ್ಲಿ ನಿಂತಾಗ, ಮನೆಯಲ್ಲಿ ಸೂತಕವಾದಂತೆ ಎರಡು ದಿನ ಸಪ್ಪಗಿದ್ದವರು. ಕಣ್ಣು ಮುಚ್ಚಿಕೊಂಡು ಎಂಜಿನ್ ಸದ್ದಿನಿಂದಲೇ ಕಂಪನಿ ಹೇಳುತ್ತೇವೆ. ಇಷ್ಟೆಲ್ಲ ಬಲ್ಲವರಿಗೆ ಮೆಟ್ಟಿಲು ಮಾತ್ರ ಕಂಡಿರಲಿಲ್ಲ.

ಪೇಂಟರ್ ಶೆಡ್ಡಿನ ಮುಂದೆ

ಬಸ್ಸು ಊರಿಗೆ ಬಂದಾಗ ಮೊದಲು ಹೋದದ್ದು ಕಡೂರು ರಸ್ತೆಯ ಒಂದು ಪೇಂಟರ್ ಶೆಡ್ಡಿಗೆ, ಶಾಲೆಯ ಹೆಸರು ಬರೆಸಲು. ಪೇಂಟರ್ ನಮ್ಮವರೇ. ಸುದ್ದಿ ಕೊಟ್ಟರು, ಭಾನುವಾರ ಎಲ್ಲರೂ ಸೇರಿದೆವು. ಹೊಸ ಹೆಣ್ಣು ನೋಡಲು ಹೋದ ನೆಂಟರ ಗಂಭೀರತೆ ನಮ್ಮ ಮುಖದಲ್ಲಿ. ಯಾವ ಕಂಪನಿಯ ಬಸ್ಸು ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಉಳಿದದ್ದನ್ನು ಯಾರೂ ಓದದೆ ಕಂಪನಿಯ ಬಗ್ಗೆ ಜಗಳ ತೆಗೆಯುತ್ತಾರೆ. ನಮ್ಮ ಪೈಕಿಯವರ ಸ್ವಭಾವ ನನಗೆ ಗೊತ್ತು.

ಇಂಜಿನಿಯರಿಂಗ್ ಓದುವ ಹುಡುಗನಿಗೆ ಬಸ್ಸು ಕಂಡ ಕೂಡಲೇ ಪ್ರೀತಿ ಹುಟ್ಟಿತು. ಮುಂದಿನ ಗಾಜು ಒಂದೇ ತುಂಡು, ನಡುವೆ ಪಟ್ಟಿ ಇಲ್ಲ. ದೀಪಗಳು ಹುಬ್ಬು ಏರಿಸಿದ ಹಾಗೆ ಓರೆಯಾಗಿ ಮೇಲಕ್ಕೆ ಹೋಗಿವೆ. ಕಿಟಕಿಗಳ ಸಾಲಿನ ಕೆಳಗೆ ಒಂದು ಮಡಿಕೆ ಮುಂದಿನಿಂದ ಹಿಂದಿನವರೆಗೆ ಹರಿದು ಬಂದು ಹಿಂದಿನ ದೀಪದಲ್ಲಿ ಮುಗಿಯುತ್ತದೆ. "ಥೇಟ್ ಕಾರಿನ ಹಾಗಿದೆ ಅಣ್ಣ" ಎಂದ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಗ್ಯಾರೇಜಿನಲ್ಲಿ ಕೆಲಸ ಮಾಡುವ ಇನ್ನೊಬ್ಬರಿಗೆ ಮೂತಿ ಇಷ್ಟವಾಯಿತು, ಹಿಂಭಾಗ ಆಗಲಿಲ್ಲ. ಎದುರಿನಿಂದ ಮದುಮಗ, ಹಿಂದಿನಿಂದ ಗೋದ್ರೆಜ್ ಬೀರು ಎಂದರು. ಹಳದಿಯ ಬಗ್ಗೆ ಕಾಲು ಗಂಟೆ ಚರ್ಚೆ ನಡೆಯಿತು: ಇದು ನಿಂಬೆಹಣ್ಣಿನ ಕಡೆ ವಾಲಿದೆ, ಶಾಲಾ ಬಸ್ಸಿಗೆ ಬೇಕಾದದ್ದು ಮಾಗಿದ ಮಾವಿನ ಹಳದಿ ಎಂದು. ಪೇಂಟರ್‌ದು ಬೇರೆಯದೇ ದುಃಖ. ಮೊದಲೆಲ್ಲ ಬಸ್ಸಿನ ಪಕ್ಕ ಎಂದರೆ ಕರಿಹಲಗೆಯಂತೆ ಸಪಾಟಾಗಿ ಇರುತ್ತಿತ್ತು. ಈಗ ಉಬ್ಬು ತಗ್ಗುಗಳ ನಡುವೆ ಹೆಸರು ಬರೆದರೆ ಅಕ್ಷರದ ತಲೆಕಟ್ಟು ಒಂದು ಕಡೆ, ಒತ್ತು ಇನ್ನೊಂದು ಕಡೆ. "ವಿನ್ಯಾಸ ಮಾಡಿದವನಿಗೆ ಕನ್ನಡ ಬರುವುದಿಲ್ಲ ಎಂದು ಇದರಲ್ಲೇ ತಿಳಿಯುತ್ತದೆ" ಎಂದರು. ಅವತ್ತು ಆಡಿದ ಮಾತುಗಳಲ್ಲಿ ನನಗೆ ಈಗಲೂ ಸರಿ ಎನಿಸುವುದು ಅದೊಂದೇ.

ನಾನೂ ಮಾತಾಡಿದೆ. ಗ್ರಿಲ್ಲು ಚೆನ್ನಾಗಿದೆ ಎಂದೆ. ಒಳಗೆ ಹತ್ತಿ ಡ್ರೈವರ್ ಸೀಟಿನಲ್ಲಿ ಕುಳಿತು ಗೇರ್ ರಾಡ್ ಅಲ್ಲಾಡಿಸಿದೆ. ಆ ಮೆಟ್ಟಿಲನ್ನು ದಾಟದೆ ಒಳಗೆ ಹೋಗಲು ಸಾಧ್ಯವಿರಲಿಲ್ಲ. ಆದರೆ ಐದೂವರೆ ಅಡಿ ಎತ್ತರದವನ ಕಾಲಿಗೆ ಅದು ಮೆಟ್ಟಿಲು ಎಂದೇ ಅನಿಸಲಿಲ್ಲ.

ಬಾನೆಟ್ಟಿನ ಶಾಖ

ನಮ್ಮ ಹುಚ್ಚು ಮೂತಿಯಲ್ಲೇ ಯಾಕೆ ಸಿಕ್ಕಿಹಾಕಿಕೊಂಡಿದೆ ಎಂದು ಯೋಚಿಸಿದರೆ ನನಗೆ ನೆನಪಾಗುವುದು 1994ರ ಮಳೆಗಾಲ. ಆಗ ನಮಗೆ ಶಾಲಾ ಬಸ್ಸು ಎಂಬುದು ಇರಲಿಲ್ಲ. ಐದನೇ ತರಗತಿಯ ನಾನು ಬೆಳಿಗ್ಗೆ ಬಾಳೆಹೊನ್ನೂರು ಕಡೆಯಿಂದ ಬರುವ ಖಾಸಗಿ ಬಸ್ಸಿಗೆ ಆಲ್ದೂರಿನ ಹತ್ತಿರ ಹತ್ತುತ್ತಿದ್ದೆ. ಹತ್ತುತ್ತಿದ್ದೆ ಎನ್ನುವುದೂ ಸುಳ್ಳೇ. ಕ್ಲೀನರ್ ಒಂದು ಕೈಯಿಂದ ನನ್ನ ಬ್ಯಾಗಿನ ಪಟ್ಟಿ ಹಿಡಿದು ಮೇಲಕ್ಕೆ ಎತ್ತುತ್ತಿದ್ದ. ಒಳಗೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಡ್ರೈವರ್ "ಬಾ ಮರಿ, ಇಲ್ಲಿ ಕೂರು" ಎಂದು ತಮ್ಮ ಎಡಗಡೆಯ ಬಾನೆಟ್ಟನ್ನು ತೋರಿಸುತ್ತಿದ್ದರು. ಎಂಜಿನ್ ಒಳಗೇ, ಡ್ರೈವರ್ ಪಕ್ಕದಲ್ಲೇ ಇದ್ದ ಕಾಲ. ಅದರ ಕಬ್ಬಿಣದ ಮುಚ್ಚಳದ ಮೇಲೆ ಗೋಣಿಚೀಲ, ಗೋಣಿಯ ಮೇಲೆ ರೆಕ್ಸಿನ್. ಅದರ ಮೇಲೆ ಮೂವರು ನಾಲ್ವರು ಮಕ್ಕಳು.

ಆ ಶಾಖವನ್ನು ಹೇಗೆ ಹೇಳಲಿ! ಒಂದು ಮೈಲಿ ಮಳೆಯಲ್ಲಿ ನಡೆದು ಬಂದಿರುತ್ತಿದ್ದೆ. ಪ್ಲಾಸ್ಟಿಕ್ ಕೊಪ್ಪೆ ಇದ್ದರೂ ಚಡ್ಡಿ ಒದ್ದೆ, ಬ್ಯಾಗು ಒದ್ದೆ, ಬೆರಳು ಸೆಟೆದು ಬಟನ್ ಹಿಡಿಯಲಾಗದ ಚಳಿ. ಬಾನೆಟ್ಟಿನ ಮೇಲೆ ಕುಳಿತ ಐದು ನಿಮಿಷಕ್ಕೆ ಬಟ್ಟೆಯಿಂದ ಸಣ್ಣಗೆ ಹಬೆ ಏಳಲು ಶುರುವಾಗುತ್ತಿತ್ತು. ಡೀಸೆಲ್, ಒದ್ದೆ ಗೋಣಿ, ಡ್ರೈವರ್ ಹಚ್ಚಿದ ಊದುಬತ್ತಿ, ಯಾರದೋ ಬುಟ್ಟಿಯ ಕಾಡುಮಲ್ಲಿಗೆ ಎಲ್ಲ ಸೇರಿದ ವಾಸನೆ. ಎದುರಿಗೆ ಇಡೀ ರಸ್ತೆ. ವೈಪರ್ ಒಂದೇ ಕಡೆ ಕೆಲಸ ಮಾಡುತ್ತಿತ್ತು, ನಮ್ಮ ಅದೃಷ್ಟಕ್ಕೆ ನಮ್ಮ ಕಡೆಯದಲ್ಲ. ಗೇರ್ ಬದಲಾಯಿಸುವಾಗ ರಾಡು ನನ್ನ ಮೊಣಕಾಲಿಗೆ ತಾಗುತ್ತಿತ್ತು, ಎರಡನೇ ಗೇರಿಗೆ ಬರುವ ಮೊದಲು ನಾನೇ ಕಾಲು ಸರಿಸಿಕೊಳ್ಳುತ್ತಿದ್ದೆ. ಬಸ್ಸಿನ ಹುಚ್ಚು ಹತ್ತಿದ್ದು ಅಲ್ಲಿ. ಈಗ ಅದೇ ದೃಶ್ಯವನ್ನು ತಂದೆಯ ಕಣ್ಣಿನಿಂದ ನೋಡಿದರೆ ಹೊಟ್ಟೆ ತೊಳಸುತ್ತದೆ. ಬೆಲ್ಟಿಲ್ಲ, ಹಿಡಿದುಕೊಳ್ಳಲು ಕಂಬಿಯಿಲ್ಲ. ಗಾಜಿಗೂ ನಮಗೂ ನಡುವೆ ಎರಡು ಅಡಿ, ಆ ಕಡೆ ಮರ ತುಂಬಿದ ಲಾರಿಗಳ ರಸ್ತೆ. ಒಂದು ಸಲ ಜೋರಾಗಿ ಬ್ರೇಕ್ ಬಿದ್ದಿದ್ದರೆ ಈ ಬರಹ ಬರೆಯಲು ನಾನು ಇರುತ್ತಿರಲಿಲ್ಲ. ಹಳೆಯ ಬಸ್ಸುಗಳೇ ಚೆಂದ ಎಂದು ಹಾಡುವ ಗೆಳೆಯರಿಗೆ ನಾನು ಇದನ್ನು ಹೇಳುತ್ತಲೇ ಇರುತ್ತೇನೆ. ಹೇಳಿದ ಮೇಲೆ ಸ್ವಲ್ಪ ಹೊತ್ತು ನಾನೂ ಅವರ ಜೊತೆ ಹಾಡುತ್ತೇನೆ, ಅದು ಬೇರೆ.

ಅಮೆರಿಕದ ಶಾಲಾ ಬಸ್ಸಿನ ಚಿತ್ರ ನೋಡಿದವರಿಗೆ ಗೊತ್ತು, ಅದಕ್ಕೆ ಸಾಮಾನ್ಯವಾಗಿ ಇಂದಿಗೂ ಮುಂದೆ ಚಾಚಿದ ಮೂಗಿದೆ. ಎಂಜಿನ್ ಮೂಗಿನೊಳಗೆ ಇರುತ್ತದೆ, ಬಾನೆಟ್ಟಿನ ಮೇಲೆ ಮಗು ಕೂರುವ ಪ್ರಶ್ನೆ ಹುಟ್ಟುವುದೇ ಇಲ್ಲ. ಟಾಟಾದವರು ಮರ್ಸಿಡಿಸ್ ಜೊತೆ 1954ರಲ್ಲಿ ಶುರುಮಾಡಿದ ಗಾಡಿಗಳಿಗೂ ಅಂಥದ್ದೇ ಮೂಗಿತ್ತು, ನಮ್ಮ ಅಜ್ಜಂದಿರು ಓಡಾಡಿದ್ದು ಅವುಗಳಲ್ಲಿ. ಆಮೇಲೆ ನಮ್ಮ ಬಸ್ಸುಗಳು ಮೂಗು ಕತ್ತರಿಸಿಕೊಂಡವು. ಅಷ್ಟೇ ಉದ್ದದಲ್ಲಿ ಒಂದು ಸಾಲು ಸೀಟು ಹೆಚ್ಚಿಗೆ ಸಿಗುತ್ತದೆ, ಘಟ್ಟದ ತಿರುವಿನಲ್ಲಿ ಡ್ರೈವರಿಗೆ ಮುಂದಿನ ನೆಲ ಹತ್ತಿರದಿಂದ ಕಾಣುತ್ತದೆ. ನಷ್ಟವೇನೂ ಆಗಲಿಲ್ಲ ಎನ್ನುವಂತಿಲ್ಲ, ಲಾಭವೇ ಇಲ್ಲ ಎನ್ನುವಂತೆಯೂ ಇಲ್ಲ. ಮೂಗಿನ ಮರೆಯಲ್ಲಿ ಸಣ್ಣ ಮಗು ಕಾಣುವುದಿಲ್ಲ ಎಂದು ಅಮೆರಿಕದವರು ಮುಂದಿನ ಬಂಪರಿಗೆ ಒಂದು ಉದ್ದನೆಯ ಕೈ ಜೋಡಿಸಿದ್ದಾರೆ. ಬಸ್ಸು ನಿಂತಾಗ ಅದು ಬಿಚ್ಚಿಕೊಂಡು, ದಾಟುವ ಮಕ್ಕಳನ್ನು ಬಸ್ಸಿನಿಂದ ದೂರ ತಳ್ಳುತ್ತದೆ. ಹಳದಿ ಬಣ್ಣವೂ ಅಲ್ಲಿಯದೇ: 1939ರಲ್ಲಿ ಫ್ರಾಂಕ್ ಸೈರ್ ಎಂಬ ಮೇಷ್ಟ್ರು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಭೆ ಕರೆದು, ಒಂದು ವಾರ ಕೂತು, ಬಸ್ಸಿನ ಅಳತೆಗಳಿಗೆ 44 ನಿಯಮ ಮಾಡಿದರು. ನಸುಕಿನ ಬೆಳಕಿನಲ್ಲೂ ಕಪ್ಪು ಅಕ್ಷರ ಎದ್ದು ಕಾಣಲಿ ಎಂದು ಈ ಹಳದಿ. ಆಷಾಢದ ಮಂಜಿನಲ್ಲಿ ಕೈಮರದ ತಿರುವಿನಲ್ಲಿ ನಿಂತು ನೋಡಿದವರು ಆ ಮೇಷ್ಟ್ರಿಗೆ ಮನಸ್ಸಿನಲ್ಲೇ ಕೈ ಮುಗಿಯಬೇಕು.

ಲಾರಿಯ ಮಕ್ಕಳು

ಮೆಟ್ಟಿಲಿಗೆ ಬರುತ್ತೇನೆ. ಸೋಮವಾರ ಟೇಪು ಹಿಡಿದುಕೊಂಡು ಹೋದೆ. ತೋಟದಲ್ಲಿ ಗುಂಡಿ ಅಳೆಯುವ ಟೇಪು. ನೆಲದಿಂದ ಮೊದಲ ಮೆಟ್ಟಿಲಿಗೆ ನಲವತ್ತೆರಡು ಸೆಂಟಿಮೀಟರ್. ಮಗಳ ಮೊಣಕಾಲು ಇರುವುದು ಮೂವತ್ತರಲ್ಲಿ. ಶಾಲೆಯ ಅಂಗಳದ ಕಾಂಕ್ರೀಟಿನ ಮೇಲೆ ಅದೇ ಬಸ್ಸನ್ನು ಅಳೆದರೆ ಹದಿನೈದು ಸೆಂಟಿಮೀಟರ್ ಕಡಿಮೆ ಬಂತು! ಡ್ರೈವರ್ ನಕ್ಕು ವಿವರಿಸಿದರು. ನಮ್ಮ ರಸ್ತೆಗೆ ಪ್ರತಿ ಸಲ ಹಳೆಯ ಡಾಂಬರಿನ ಮೇಲೇ ಹೊಸ ಡಾಂಬರು ಹಾಕುತ್ತಾರೆ. ರಸ್ತೆ ಎತ್ತರವಾಗುತ್ತ ಹೋಗುತ್ತದೆ, ಅಂಚಿನ ಮಣ್ಣು ಮಳೆಗೆ ಕೊಚ್ಚಿ ತಗ್ಗಾಗುತ್ತ ಹೋಗುತ್ತದೆ. ಬಸ್ಸು ನಿಲ್ಲುವುದು ಡಾಂಬರಿನ ಮೇಲೆ, ಮಗು ನಿಲ್ಲುವುದು ಚರಂಡಿಯ ಅಂಚಿನಲ್ಲಿ. ಶಾಲಾ ಬಸ್ಸಿಗೆಂದೇ ಎಐಎಸ್-063 ಎಂಬ ನಿಯಮಾವಳಿ ಇದೆ. ಬಣ್ಣ, ಬಾಗಿಲು, ಸೀಟು, ಮೆಟ್ಟಿಲು ಎಲ್ಲಕ್ಕೂ ಅದರಲ್ಲಿ ಲೆಕ್ಕವಿದೆ. ಅದನ್ನು ಅಳೆಯುವುದು ಸಪಾಟು ನೆಲದಲ್ಲಿ. ಮಲೆನಾಡಿನಲ್ಲಿ ಸಪಾಟು ನೆಲ ಇರುವುದು ಕಾಫಿ ಒಣಗಿಸುವ ಕಣದಲ್ಲಿ ಮಾತ್ರ.

ಹಿಂದಿನ ಬಸ್ಸಿಗೂ ಇದೇ ತೊಂದರೆ ಇರಬೇಕಿತ್ತಲ್ಲ ಎಂದು ಕೇಳಿದೆ. ಹಿಂದಿನದು ಮಜ್ದಾ. ಕಂಪನಿಯ ಹೆಸರು 2011ರಲ್ಲೇ ಎಸ್‌ಎಂಎಲ್ ಇಸುಜು ಆಯಿತು, 2025ರಲ್ಲಿ ಮಹೀಂದ್ರಾದವರು ಕೊಂಡರು, ಆದರೂ ನಮ್ಮ ಕಡೆ ಅಷ್ಟು ಗಾತ್ರದ ಬಸ್ಸೆಲ್ಲ ಮಜ್ದಾವೇ, ಸಣ್ಣ ಲಾರಿಯೆಲ್ಲ ಕ್ಯಾಂಟರೇ ಆಗಿರುವಂತೆ. ಆ ಮಜ್ದಾಕ್ಕೆ ಡ್ರೈವರ್ ತಾವೇ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಕಬ್ಬಿಣದ ಹಲಗೆ ತೂಗುಹಾಕಿಸಿದ್ದರಂತೆ, ಎರಡು ಸರಪಳಿಯಲ್ಲಿ, ಕಲ್ಲಿಗೆ ತಾಗಿದರೆ ಹಿಂದಕ್ಕೆ ಮಡಚಿಕೊಳ್ಳುವ ಹಾಗೆ. ಹೊಸ ಬಸ್ಸಿಗೆ ಹಾಗೆ ಮಾಡಲು ಶಾಲೆಯವರು ಬಿಡಲಿಲ್ಲ. ಬಾಡಿ ಕಾರ್ಖಾನೆಯಲ್ಲೇ ಕಟ್ಟಿ ಬಂದದ್ದು, ಎಲ್ಲಿಯಾದರೂ ವೆಲ್ಡಿಂಗ್ ತಾಗಿಸಿದರೆ ವಾರಂಟಿ ಹೋಗುತ್ತದೆ, ಎಫ್‌ಸಿಗೆ, ಅಂದರೆ ಗಾಡಿಯ ಫಿಟ್ನೆಸ್ ತಪಾಸಣೆಗೆ, ಹೋದಾಗಲೂ ಪ್ರಶ್ನೆ ಬರುತ್ತದೆ ಎಂದರು. ಅವರದು ತಪ್ಪು ಎನ್ನಲಾರೆ. ಶೆಡ್ಡುಗಳಲ್ಲಿ ಮನಸ್ಸಿಗೆ ಬಂದಂತೆ ಬಾಡಿ ಕಟ್ಟುತ್ತಿದ್ದ ಕಾಲದಲ್ಲಿ ತುರ್ತು ಬಾಗಿಲಿನ ಜಾಗಕ್ಕೆ ಸೀಟು ಹಾಕಿದ್ದನ್ನು ನಾನೇ ನೋಡಿದ್ದೇನೆ. ಬಾಡಿ ಕಟ್ಟಲು ಸಂಹಿತೆ ಬಂದದ್ದು ಒಳ್ಳೆಯದೇ. ಆದರೆ ಊರಿನ ರಸ್ತೆ ಗೊತ್ತಿದ್ದವನ ಕೈ ಬಸ್ಸಿಗೆ ತಾಗುವುದು ಅದರೊಂದಿಗೇ ನಿಂತಿತು.

ನಿಜವಾದ ಗುಟ್ಟು ಮೆಟ್ಟಿಲಲ್ಲಿ ಇಲ್ಲ, ಅದರ ಮೇಲಿನ ನೆಲದಲ್ಲಿದೆ. ನಮ್ಮ ಸಣ್ಣ ಬಸ್ಸುಗಳೆಲ್ಲ ಲಾರಿಯ ಹೊಟ್ಟೆಯಲ್ಲಿ ಹುಟ್ಟಿದವು. ಎಂಬತ್ತರ ದಶಕದಲ್ಲಿ ಜಪಾನಿನ ಟೊಯೋಟಾ, ನಿಸ್ಸಾನ್, ಮಿತ್ಸುಬಿಷಿ, ಮಜ್ದಾ ನಾಲ್ಕೂ ಇಲ್ಲಿನವರ ಜೊತೆ ಸೇರಿ ಹಗುರ ಲಾರಿ ತಂದವು, 1986ರಲ್ಲಿ ಟಾಟಾ 407 ಅವಕ್ಕೆ ಉತ್ತರವಾಗಿ ಬಂತು. ಅವುಗಳ ಚಾಸಿಯ ಮೇಲೆ ಡಬ್ಬಿ ಕೂರಿಸಿದರೆ ಮಿನಿಬಸ್ಸು. ಚಾಸಿ ಎಂದರೆ ಏಣಿಯ ಆಕಾರದ ಎರಡು ಉದ್ದ ತೊಲೆ, ಅದರಡಿ ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟು, ಅಚ್ಚಿನ ಹೌಸಿಂಗು, ಕುಲುಕು ತಡೆಯುವ ಕಮಾನು ಪಟ್ಟಿಗಳು. ಇಷ್ಟರ ಮೇಲೆ ನೆಲ ಹಾಸಿದರೆ ಅದು ಎತ್ತರದಲ್ಲೇ ಇರಬೇಕು. ಆ ಪಟ್ಟಿಗಳಾದರೂ ಎರಡು ಟನ್ನಿಗೂ ಮೀರಿ ಹೊರಲು ಹುಟ್ಟಿದವು. ಇಪ್ಪತ್ತು ಕಿಲೋದ ಮೂವತ್ತು ಮಕ್ಕಳನ್ನು ಕೂರಿಸಿದರೆ ಆರುನೂರು ಕಿಲೋ, ಅಂದರೆ ಹನ್ನೆರಡು ಚೀಲ ಕಾಫಿ. ಹನ್ನೆರಡು ಚೀಲ ಹಾಕಿಕೊಂಡು ಹೊಂಡದ ರಸ್ತೆಯಲ್ಲಿ ಹೋಗುವ 407 ಹೇಗೆ ಕುಣಿಯುತ್ತದೆ ಎಂದು ತೋಟದವರನ್ನು ಕೇಳಿ. ಈಗ ಪ್ಯಾರಾಬೋಲಿಕ್ ಎಂಬ ಮೆತ್ತನೆಯ ಪಟ್ಟಿ ಬಂದು ಕುಣಿತ ತಗ್ಗಿದೆ, ನಿಜ. ಆದರೂ ಹಿಂದಿನ ಸೀಟಿನ ಮಕ್ಕಳು ಹಂಪ್ ಬಂದಾಗಲೆಲ್ಲ ಒಟ್ಟಿಗೆ "ಹೋ" ಎನ್ನುವುದು ನಿಂತಿಲ್ಲ. ಪ್ರತಿ ಎರಡು ವರ್ಷಕ್ಕೆ ಹೊಸ ಮೂತಿ ಬರುತ್ತದೆ, ನಾವು ಫೋಟೋ ತೆಗೆಯುತ್ತೇವೆ, ಅಡಿಯ ಏಣಿ ಮಾತ್ರ ಹಾಗೇ ಇದೆ. ಮೂತಿಯಷ್ಟು ಬದಲಾದದ್ದು ಇನ್ನೇನೂ ಇಲ್ಲದಿರುವಾಗ ನಾವು ಮೂತಿಯನ್ನೇ ನೋಡಿದ್ದರಲ್ಲಿ ಆಶ್ಚರ್ಯವಿಲ್ಲ.

ಏರಿನಲ್ಲಿ ನಿಂತ ವ್ಯಾನು

ಹಾಗಾದರೆ ನೆಲ ತಗ್ಗಿರುವ ಗಾಡಿ ತರಲಿ ಎಂದು ನಾನೂ ಹೇಳುತ್ತಿದ್ದೆ, ಎರಡು ವರ್ಷದ ಹಿಂದಿನ ಜುಲೈ ತಿಂಗಳ ಒಂದು ಬೆಳಿಗ್ಗೆ ನಡೆದದ್ದು ನೆನಪಾಗದಿದ್ದರೆ. ಹತ್ತಿರದ ಇನ್ನೊಂದು ಶಾಲೆ ಅಂಥದ್ದೇ ವ್ಯಾನು ತಂದಿತ್ತು. ಏಣಿ ಚಾಸಿ ಇಲ್ಲ, ಬಾಡಿಯೇ ಮೂಳೆ. ಎಂಜಿನ್ ಮುಂದಿನ ಚಕ್ರಗಳನ್ನೇ ತಿರುಗಿಸುತ್ತದೆ, ಹಿಂದಕ್ಕೆ ಶಾಫ್ಟು ಹೋಗುವುದಿಲ್ಲ, ಅದಕ್ಕೆ ನೆಲ ತಗ್ಗು. ಮೂರು ವರ್ಷದ ಮಗುವೂ ಕೈ ಊರದೆ ಹತ್ತುತ್ತದೆ. ನಮ್ಮ ಗುಂಪಿನವರು ಅದಕ್ಕೆ ಬ್ರೆಡ್ಡು ಎಂದು ಹೆಸರಿಟ್ಟಿದ್ದರು, ಯಾರೂ ಫೋಟೋ ತೆಗೆದಿರಲಿಲ್ಲ. ನಾನು ಮಾತ್ರ ಒಳಗೊಳಗೇ ಮೆಚ್ಚಿದ್ದೆ.

ನಮ್ಮ ತೋಟದ ಲೈನ್ ಮನೆಗಳು, ಅಂದರೆ ಆಳುಗಳ ಸಾಲುಮನೆಗಳು, ರಸ್ತೆಯಿಂದ ಮೇಲೆ, ಮುಕ್ಕಾಲು ಕಿಲೋಮೀಟರ್ ಏರಿನ ಮಣ್ಣು ರಸ್ತೆಯಲ್ಲಿ ಇವೆ. ಅಲ್ಲಿಂದ ಆರು ಮಕ್ಕಳು ಆ ಶಾಲೆಗೆ ಹೋಗುತ್ತಿದ್ದರು. ಅವತ್ತು ರಾತ್ರಿಯಿಡೀ ಮಳೆ. ವ್ಯಾನು ಅರ್ಧ ಏರಿ, ಸಿಲ್ವರ್ ಓಕ್ ಸಾಲಿನ ಹತ್ತಿರ ನಿಂತಿತು. ಮುಂದಿನ ಚಕ್ರಗಳು ಗಿರಗಿರ ತಿರುಗುತ್ತವೆ, ಗಾಡಿ ಮಾತ್ರ ಕದಲುವುದಿಲ್ಲ. ಏರಿನಲ್ಲಿ ಗಾಡಿಯ ಭಾರವೆಲ್ಲ ಹಿಂದಕ್ಕೆ ಜಾರುತ್ತದೆ, ಎಳೆಯುವ ಮುಂಚಕ್ರದ ಹಿಡಿತ ತಪ್ಪುತ್ತದೆ. ಇದಕ್ಕೆ ಯಾವ ಕಂಪನಿಯನ್ನೂ ದೂರಬೇಕಾಗಿಲ್ಲ, ಎತ್ತುಗಾಡಿ ಹೊಡೆದವರಿಗೂ ಗೊತ್ತಿರುವ ಸಂಗತಿ. ಒಳಗೆ ಬೇರೆ ಕಡೆಯಿಂದ ಹತ್ತಿದ ಒಂಬತ್ತು ಮಕ್ಕಳು. ಡ್ರೈವರ್ ಅವರನ್ನು ಇಳಿಸಿ ಕಾಫಿ ಗಿಡದ ಪಕ್ಕ ಸಾಲಾಗಿ ನಿಲ್ಲಿಸಿದರು. ನಾನೂ ಗೊಬ್ಬರ ಹೊರುತ್ತಿದ್ದ ನಾಲ್ಕು ಆಳುಗಳೂ ಸೇರಿ ಚಕ್ರದಡಿಗೆ ಗೋಣಿ ಹಾಕಿ, ಮೆಲ್ಲಗೆ ಹಿಂದಕ್ಕೆ ಬಿಟ್ಟು, ರಸ್ತೆಗೆ ಇಳಿಸುವ ಹೊತ್ತಿಗೆ ಹತ್ತು ಗಂಟೆ. ಮಕ್ಕಳಿಗೆ ಅದು ಹಬ್ಬವಾಗಿತ್ತು. ಆಮೇಲೆ ವ್ಯಾನು ಮೇಲೆ ಬರುವುದನ್ನೇ ನಿಲ್ಲಿಸಿತು. ಲೈನಿನ ಮಕ್ಕಳು ಆ ಮಳೆಗಾಲವೆಲ್ಲ ಜಿಗಣೆ ಕಿತ್ತುಕೊಳ್ಳುತ್ತ ಕೆಳಗೆ ನಡೆದು ಬಂದರು. ಅದೇ ರಸ್ತೆಯಲ್ಲಿ ನಮ್ಮ ಹಳೆಯ ಮಜ್ದಾ, ಲಾರಿಯ ಮಗ, ಹಿಂಚಕ್ರದ ಮೇಲೆ ಭಾರ ಹೇರಿಕೊಂಡು, ಕರಿಹೊಗೆ ಉಗುಳುತ್ತ, ಲೈನ್ ಮನೆಯ ಬಾಗಿಲವರೆಗೆ ಹೋಗಿ ಬರುತ್ತಿತ್ತು.

ಇದನ್ನು ಇಂಜಿನಿಯರಿಂಗ್ ಹುಡುಗನಿಗೆ ಹೇಳಿದೆ. ಅವನು ತಕ್ಷಣ ವಿದ್ಯುತ್ ಬಸ್ಸು ಎಂದ. ಚಕ್ರಕ್ಕೊಂದು ಮೋಟಾರು, ಶಾಫ್ಟೇ ಬೇಡ, ನೆಲ ಎಷ್ಟು ಬೇಕಾದರೂ ತಗ್ಗಿಸಬಹುದು ಎಂದ. ಆಗಬಹುದು. ಕಾಗದದ ಮೇಲೆ ಚಿತ್ರ ಬರೆದೂ ತೋರಿಸಿದ. ಚಿತ್ರದಲ್ಲಿ ಮೂತಿ ಬಹಳ ಚೆನ್ನಾಗಿತ್ತು. ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಇಲ್ಲದ ನಮ್ಮ ಊರಿನ ಬಗ್ಗೆ ನಾನು ಏನೂ ಹೇಳಲಿಲ್ಲ.

ನಮ್ಮ ಮನೆಯ ಮಟ್ಟಿಗೆ ಪರಿಹಾರ ಸಿಕ್ಕಿದ್ದು ಡ್ರೈವರ್ ಮತ್ತು ಆಯಾ ಇಬ್ಬರಿಂದ. ಬಸ್ಸಿಗೆ ವೆಲ್ಡಿಂಗ್ ಮಾಡಬಾರದು ತಾನೇ, ನೆಲಕ್ಕೆ ಮಾಡಬಾರದು ಎಂದು ಯಾರೂ ಹೇಳಿಲ್ಲವಲ್ಲ ಎಂದರು ಆಯಾ. ಕಣ ಕಟ್ಟಿ ಮಿಕ್ಕಿದ್ದ ಎರಡು ಸೈಜುಗಲ್ಲುಗಳನ್ನು ಗೇಟಿನ ಎದುರು ಹುಗಿದು ಸಿಮೆಂಟು ಹಾಕಿದೆವು. ಈಗ ಮೆಟ್ಟಿಲು ಕಲ್ಲಿನಿಂದ ಒಂದು ಗೇಣು. ಬಾಗಿಲು ಸರಿಯಾಗಿ ಕಲ್ಲಿನ ಎದುರಿಗೆ ಬರುವಂತೆ ಬಸ್ಸು ನಿಲ್ಲಿಸಬೇಕು. ಡ್ರೈವರ್ ಮೊದಲ ಎರಡು ದಿನ ತಪ್ಪಿದರು, ಮೂರನೆಯ ದಿನದಿಂದ ಒಂದು ಬೆರಳಿನಷ್ಟೂ ತಪ್ಪಿಲ್ಲ. ಕಾಲುಚೀಲ ಬೆಳ್ಳಗಿದೆ.

ಮೊನ್ನೆ ಮಳೆಯ ರಜೆ. ಜಗಲಿಯಲ್ಲಿ ಕುಳಿತು ಮಗಳನ್ನು ಕೇಳಿದೆ, "ಪುಟ್ಟಿ, ನಿನಗೆ ಹಳೆಯ ಬಸ್ಸು ಇಷ್ಟವೋ ಹೊಸ ಬಸ್ಸು ಇಷ್ಟವೋ?" ಹಳೆಯದು ಎನ್ನುತ್ತಾಳೆ, ಹಲಗೆ ಇತ್ತು ಎನ್ನುತ್ತಾಳೆ ಎಂದು ಕಾದೆ. ಅವಳು ತಲೆ ಎತ್ತದೆ "ಹೊಸದು" ಎಂದಳು.

"ಯಾಕೆ?"

"ಅದಕ್ಕೆ ಬೆಕ್ಕಿನ ಕಣ್ಣು ಇದೆ ಅಪ್ಪಾ."

ಸ್ಲೇಟಿನ ಮೇಲೆ ಬಸ್ಸು ಬರೆಯುತ್ತಿದ್ದಳು. ಎರಡು ಓರೆ ದೀಪ, ಒಂದು ಗ್ರಿಲ್ಲು, ಮೇಲೆ ಒಂದೇ ತುಂಡಿನ ಗಾಜು. ಬಾಗಿಲು ಬರೆದಿರಲಿಲ್ಲ. ಫೋಟೋ ತೆಗೆದು ಗೆಳೆಯರಿಗೆ ಕಳುಹಿಸಿದೆ. ಗ್ಯಾರೇಜಿನವರು ಕಂಪನಿಯ ಹೆಸರನ್ನು ಸರಿಯಾಗಿ ಗುರುತಿಸಿದರು.